ಎದುರು ಪಟ್ಟಿಯ ತಪ್ಪು

ನಮ್ಮವ್ವನ ಲೆಕ್ಕದಲ್ಲಿ ಲೇಸಿನಲ್ಲಿ ತಪ್ಪು ಎಂಬುದೇ ಇಲ್ಲ. ಎಡಗಡೆ ಪಟ್ಟಿಯಲ್ಲಿ ಒಂದು ತಪ್ಪು ಬಿತ್ತೋ, ಬಲಗಡೆ ಪಟ್ಟಿಯಲ್ಲಿ ಅದೇ ಜಾಗಕ್ಕೆ ಅದೇ ತಪ್ಪನ್ನು ಬೇಕೆಂದೇ ಹಾಕು, ನೋಡಿದವರು ಡಿಸೈನು ಅಂದುಕೊಳ್ಳುತ್ತಾರೆ. ಈ ಬುದ್ಧಿಯಿಂದ ಅವಳು ಕ್ಯಾತನಹಳ್ಳಿಯ ಅರ್ಧ ಊರಿನ ಮದುವೆಗಳಿಗೆ ತೆರೆ ಹೆಣೆದುಕೊಟ್ಟು ಹೆಸರು ತೆಗೆದುಕೊಂಡಳು. ಇದೇ ಬುದ್ಧಿಯಿಂದ ನನ್ನ ಅಣ್ಣನ ಮಗಳು ಮಾನಸಳನ್ನು ಹೋಗಬಾರದ ಮನೆಗೆ ಕಳಿಸಿದಳು. ಹೆತ್ತ ಅವ್ವನ ಬಗ್ಗೆ ಹೀಗೆಲ್ಲ ಹೇಳಬಾರದು ಎಂದು ನನಗೂ ಗೊತ್ತು. ಹೇಳದೆ ಇದ್ದೂ ಇದ್ದೂ ಸಾಕಾಗಿದೆ.

ತೆರೆ ಎಂದರೆ ಧಾರೆಗೆ ಮುಂಚೆ ಗಂಡಿಗೂ ಹೆಣ್ಣಿಗೂ ನಡುವೆ ಅಡ್ಡ ಹಿಡಿಯುವ ಬಟ್ಟೆ. ಬೇರೆ ಊರುಗಳಲ್ಲಿ ಯಾರದೋ ಶಲ್ಯ ಹಿಡಿದು ಕೆಲಸ ಮುಗಿಸುತ್ತಾರೆ. ನಮ್ಮೂರಿನವರಿಗೆ ನಮ್ಮವ್ವ ಮಾದಮ್ಮನ ತೆರೆಯೇ ಆಗಬೇಕು. ನಡುವೆ ಬಿಳಿ ಪಂಚೆ, ಎರಡು ತುದಿಗೂ ಒಂದೊಂದು ಗೇಣಗಲದ ಲೇಸಿನ ಪಟ್ಟಿ. ಅವ್ವ ಸಣ್ಣ ವಯಸ್ಸಿನಲ್ಲಿ ಪಾಂಡವಪುರದ ಒಬ್ಬ ನರ್ಸಮ್ಮನ ಮನೆಕೆಲಸಕ್ಕೆ ಹೋಗುತ್ತಿದ್ದಾಗ ಕಲಿತ ವಿದ್ಯೆ ಅದು. ಎರಡು ಕಡ್ಡಿ, ಒಂದು ಉಂಡೆ ಬಿಳಿ ನೂಲು, ಅಷ್ಟೇ. ಕಡ್ಡಿಗೆ ನೂಲನ್ನು ಒಂದು ಸುತ್ತು ಹೆಚ್ಚಿಗೆ ಸುತ್ತಿದರೆ ಅಲ್ಲೊಂದು ತೂತು ಬೀಳುತ್ತದೆ. ತೂತುಗಳೆಲ್ಲ ಸೇರಿ ಎಲೆಯಾಗುತ್ತವೆ, ಬಳ್ಳಿಯಾಗುತ್ತವೆ. ಸುತ್ತಲು ಮರೆತರೆ ತೂತು ಇರಬೇಕಾದ ಕಡೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅವ್ವ ಕುರುಡುಗಣ್ಣು ಅನ್ನುತ್ತಾಳೆ.

ಉಳಿದವರಾದರೆ ಬಿಚ್ಚಿ ಸರಿಮಾಡುತ್ತಾರೆ. ಆದರೆ ಧಾರೆಯ ತೆರೆಗೆಂದು ಹಾಕಿದ ಕುಣಿಕೆ ಬಿಚ್ಚಬಾರದು, ಬಿಚ್ಚಿದರೆ ಆ ಮದುವೆ ಬಾಳುವುದಿಲ್ಲ ಎಂದು ಅವ್ವನ ಶಾಸ್ತ್ರ. ಯಾವ ಪುರೋಹಿತರೂ ಹೇಳಿದ್ದಲ್ಲ, ಅವಳೇ ಮಾಡಿಕೊಂಡದ್ದು. ಬಿಚ್ಚುವ ಹಾಗಿಲ್ಲ ಅಂದಮೇಲೆ ಎದುರು ಪಟ್ಟಿಯಲ್ಲೂ ಅದೇ ಕುರುಡುಗಣ್ಣು ಹಾಕಬೇಕಲ್ಲ.

ನನ್ನನ್ನು ಕೊಟ್ಟದ್ದು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ, ದಾಸಯ್ಯ ಎಂಬವನಿಗೆ. ಅವನಿಗೆ ನಾಗಮಂಗಲದಲ್ಲಿ ಇನ್ನೊಂದು ಸಂಸಾರವಿತ್ತು. ಗೊತ್ತಾದ ದಿನ ಕೇಳಿದೆ. ಆ ಮನೆಯಲ್ಲಿ ಹೆಂಗಸು ದನಿ ಎತ್ತಿದರೆ ಹೊಡೆಯುವುದಿಲ್ಲ. ನಮ್ಮ ಮನೆ ಗಂಡಸರು ಹೆಂಗಸರ ಮೇಲೆ ಕೈ ಮಾಡಿದವರಲ್ಲ ಎಂದು ಅವರು ಜಂಬವಾಗಿ ಹೇಳಿಕೊಳ್ಳುತ್ತಾರೆ. ಅಡುಗೆಮನೆ ಪಕ್ಕ ಬೆಲ್ಲ ಇಡುವ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಾರೆ. "ವಸಿ ತಣ್ಗಾಗ್ಲಿ" ಎನ್ನುವುದು ಅವರ ಮಾತು. ಬೆಲ್ಲದ ಕೋಣೆಯ ಕತ್ತಲಲ್ಲಿ ಇರುವೆಗಳ ಜೊತೆ ಕೂತವರಿಗೆ ಮಾತ್ರ ಆ ತಣ್ಣಗಾಗುವುದು ಏನೆಂದು ಗೊತ್ತು. ನನಗೆ ಇವತ್ತಿಗೂ ಬೆಲ್ಲದ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

ವಾಪಸು ಬಂದುಬಿಟ್ಟೆ. ಮಗಳು ವಾಪಸು ಬಂದಳು ಎಂಬ ಮಾತನ್ನು ಅವ್ವ ಮಾತ್ರ ಬಾಯಿಗೆ ತರಲಿಲ್ಲ. ಅಷ್ಟರಲ್ಲಿ ನಮ್ಮೂರ ಅಂಗನವಾಡಿಯಲ್ಲಿ ನನಗೆ ಕೆಲಸ ಸಿಕ್ಕಿತು. "ಮಂಗಳಂಗೆ ಕೆಲ್ಸ ಇಲ್ಲೇ ಆಯ್ತಲ್ಲ, ಅದುಕ್ಕೆ ಇಲ್ಲೇ ಅವ್ಳೆ" ಎಂದು ಊರಿಗೆಲ್ಲ ಹೇಳಿದಳು. ಊರಿನವರಿಗೆ ಎಲ್ಲ ಗೊತ್ತು. ಗೊತ್ತಿದ್ದೂ "ಊಂ ಕಣವ್ವ" ಅಂದರು. ಹೇಳುವವಳಿಗೂ ಕೇಳುವವರಿಗೂ ನಷ್ಟವಿಲ್ಲದ ಸುಳ್ಳು ಅದು. ತಾಳಿ ಕಟ್ಟಿಕೊಂಡು ತವರಿನಲ್ಲಿ ಮುದುಕಿಯಾಗಬೇಕಾದವಳು ನಾನು.

ಮಾನಸ ಸಣ್ಣ ಮಗುವಿದ್ದಾಗಲೇ ನನ್ನ ಅತ್ತಿಗೆ ತೀರಿಕೊಂಡಳು. ಬೆಳೆಸಿದ್ದು ನಾನು. ಜಡೆ ಹಾಕಿದ್ದು, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಕೂತದ್ದು, ಬಿ.ಎಡ್. ಓದಿಸು ಎಂದು ಅಣ್ಣ ಚಿಕ್ಕಸ್ವಾಮಿಯ ಜೊತೆ ಮಾತು ಬಿಟ್ಟದ್ದು, ಎಲ್ಲ ನಾನೇ. ಈಗ ಅವಳು ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಗಣಿತದ ಟೀಚರು. ಬೆಳಿಗ್ಗೆ ಬ್ಯಾಗು ನೇತುಹಾಕಿಕೊಂಡು ಬಸ್ಸಿಗೆ ಓಡುವುದನ್ನು ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ನನ್ನ ಬಾಳಿನಲ್ಲಿ ಸರಿಯಾಗಿ ಬಂದದ್ದು ಅವಳೊಬ್ಬಳೇ.

ಅಂಥ ಹುಡುಗಿಗೆ ಹೊಸಹೊಳಲಿನಿಂದ ಸಂಬಂಧ ಬಂತು. ಹುಡುಗ ನಾಗಾರ್ಜುನ, ದಾಸಯ್ಯನ ಅಣ್ಣನ ಮಗ. ಸರ್ಕಾರಿ ಕೆಲಸ.

"ಅದೇ ಮನೆಗಾ?" ಅಂದೆ.

"ಅದೇ ಮನ್ಗೆ ಕಣೆ. ಅದುಕ್ಕೇ ಅಲ್ವಾ ಕೊಡ್ಬೇಕು ಅಂತಿರೋದು" ಅಂದಳು ಅವ್ವ. "ಈ ಕೂಸ್ನೂ ಅಲ್ಗೇ ಕೊಟ್ರೆ ಎರಡು ಮನೆಯೋರೂ ಚೆಂದಾಗವ್ರೆ ಅಂತಾಯ್ತದೆ. ನಿಂದೂ ಮುಚ್ಚೋಯ್ತದೆ."

ಅಣ್ಣ ಎಲೆಅಡಿಕೆ ಜಗಿಯುತ್ತ ಕೂತಿದ್ದ. ನನ್ನ ಬಾಳು ಎಡಗಡೆ ಪಟ್ಟಿ. ಬಲಗಡೆಗೂ ಅದೇ ಕುರುಡುಗಣ್ಣು ಹಾಕಲು ಇವರಿಗೆ ಒಂದು ಹೆಣ್ಣುಮಗಳು ಬೇಕಾಗಿತ್ತು.

ಮನೆ ನೋಡಲು ಎಲ್ಲರೂ ವ್ಯಾನಿನಲ್ಲಿ ಹೊರಟರು. ನಾನು ಬರುವುದಿಲ್ಲ ಅಂದೆ. ಮಾನಸ ಕೈ ಹಿಡಿದುಕೊಂಡಳು, ಹೋದೆ. ಹಳೆ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿದ್ದರು. ನೆಲಕ್ಕೆ ಗ್ರಾನೈಟು, ಮೆಟ್ಟಿಲಿಗೆ ಸ್ಟೀಲಿನ ಕಂಬಿ. ನಾಗಾರ್ಜುನ ತಲೆ ತಗ್ಗಿಸಿ ಮೆಲ್ಲಗೆ ಮಾತಾಡಿದ, ನನ್ನ ಕಾಲು ಮುಟ್ಟಿದ. ದಾಸಯ್ಯನೂ ಹಿರಿಯರ ಕಾಲು ಮುಟ್ಟುವಾಗ ಮೆಲ್ಲಗೆ ಮಾತಾಡುವವನೇ ಆಗಿದ್ದ. ಈಗ ನಾಗಮಂಗಲದವಳು ಸತ್ತಮೇಲೆ ಇಲ್ಲಿಗೇ ಬಂದು ಸೇರಿದ್ದಾನಂತೆ. ನಡುಮನೆಯಲ್ಲಿ ಪೇಪರು ಹಿಡಿದು ಕೂತಿದ್ದವನು ನನ್ನನ್ನು ನೋಡಿ "ಬಂದ್ಯಾ" ಅಂದ. ಬೆಳಿಗ್ಗೆ ಸಂತೆಗೆ ಹೋಗಿ ಬಂದವಳನ್ನು ಕೇಳುವ ಹಾಗಿತ್ತು.

ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ. ಪಕ್ಕದಲ್ಲಿ ಒಂದು ಕೋಣೆ. ತೇಗದ ಬಾಗಿಲು, ಹೊಳೆಯುವ ಹೊಸ ಚಿಲಕ. ತೆಗೆದು ನೋಡಿದೆ. ಕಿಟಕಿ ಇಲ್ಲ. ಬೆಲ್ಲದ ಅಚ್ಚಿನ ಮೂಟೆಗಳು, ಮೂಟೆಯ ಪಕ್ಕ ಸುತ್ತಿಟ್ಟ ಚಾಪೆ, ತಟ್ಟೆ ಮುಚ್ಚಿದ ಒಂದು ಚೊಂಬು ನೀರು. ಹಿಂದೆ ನಾಗಾರ್ಜುನನ ತಾಯಿ, ನನ್ನ ಓರಗಿತ್ತಿ, ಬಂದು ನಿಂತಿದ್ದಳು.

"ಇಲ್ಯಾಕಕ್ಕ ಚಾಪೆ?" ಅಂದೆ.

ಅವಳು ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು. "ಇಲ್ಲಿ ತಂಪಾಗಿರ್ತದೆ" ಅಂದಳು. ನನ್ನ ಮುಖ ನೋಡಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರ ಮುಂದೆಯೂ ಹೇಳಿದೆ. ಚಾಪೆ, ಚೊಂಬು, ಚಿಲಕ, ಓರಗಿತ್ತಿಯ ಮಾತು, ಒಂದೂ ಬಿಡಲಿಲ್ಲ.

"ಬೆಲ್ಲದ್ ಕ್ವಾಣೆಗೆ ಚಿಲ್ಕ ಆಚ್ಗಿಕ್ದೆ ಒಳೀಕಿಕ್ತಾರಾ ಮಂಗ್ಳಾ?" ಅಂದ ಅಣ್ಣ. "ಬೆಲ್ಲ ಏನು ಒಳ್ಗಿಂದ ಚಿಲ್ಕ ಆಕ್ಕೊಂಡದಾ?"

ಎಲ್ಲರೂ ನಕ್ಕರು.

"ಬೆಲ್ಲ ಚಾಪೆ ಆಸ್ಕೊಂಡು ಮನಿಕ್ಕತ್ತದಾ ಅಣ್ಣ? ಬಾಯಾರುದ್ರೆ ನೀರು ಕುಡಿತದಾ?"

ಈ ಸಲ ಯಾರೂ ನಗಲಿಲ್ಲ. "ಯಾರೋ ಕೆಲ್ಸದೋರು ಮನಿಕ್ಕತ್ತಾರೆ ಬುಡು" ಎಂದು ಅಣ್ಣ ಮೊಬೈಲು ತೆಗೆದ. ಮಾನಸ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು.

ಅವ್ವನ ಕಣ್ಣಿಗೆ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಮಾನಸಳ ತೆರೆ ನಾನೇ ಹೆಣೆಯಬೇಕು ಅಂದಳು. ಆಗುವುದಿಲ್ಲ ಅನ್ನಬಹುದಿತ್ತು. ಆದರೆ ನಾನು ಕಡ್ಡಿ ಹಿಡಿದರೆ ಮಾನಸ ಬಂದು ಪಕ್ಕದಲ್ಲಿ ಕೂರುತ್ತಾಳೆ, ಸಣ್ಣವಳಿದ್ದಾಗಿನಿಂದಲೂ ಹಾಗೆ. ಮಾತಾಡಲು ಅದೊಂದೇ ದಾರಿ ಎಂದು ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದೆವು. ಅವಳು ಮೊಬೈಲಿನಲ್ಲಿ ಯಾವುದೋ ವೀಡಿಯೋ ತೋರಿಸಿದಳು.

"ನೋಡತ್ತೆ, ಸರಿಯಾಗಿ ಬಂದಿರೋ ಸಾಲಿಗೆ ಒಂದು ಬಣ್ಣದ ದಾರ ಓಡುಸ್ಬುಡ್ತಾರೆ. ಮುಂದಕ್ಕೆ ತಪ್ಪಾದ್ರೆ ಆ ದಾರದ್ಗಂಟ ಬಿಚ್ಚುದ್ರೆ ಸಾಕು. ಪೂರ್ತಿ ಬಿಚ್ಚೋಗಲ್ಲ."

ನನಗೆ ಅದು ತುಂಬ ಹಿಡಿಸಿತು. ಇಷ್ಟು ಸಣ್ಣ ಉಪಾಯ ಇಷ್ಟು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ. ಡಬ್ಬಿಯಲ್ಲಿದ್ದ ಕೆಂಪು ದಾರ ತೆಗೆದು ಒಂದು ಸಾಲಿನ ಕುಣಿಕೆಗಳಿಗೆಲ್ಲ ಓಡಿಸಿದೆ. ಅವ್ವ ಬಂದು ಬೆರಳಿನಿಂದ ಪಟ್ಟಿ ಸವರಿದಳು, ಅವಳ ಕಣ್ಣೆಲ್ಲ ಈಗ ಬೆರಳಿನಲ್ಲಿದೆ.

"ಇದ್ಯಾವ್ದು ಅಡ್ಡ ದಾರ?"

ಹೇಳಿದೆ.

"ಬಿಚ್ಚೋ ಯೋಚ್ನೆ ಮಡಿಕ್ಕೊಂಡು ಯಾವ್ಳಾದ್ರೂ ಧಾರೆ ತೆರೆ ಆಕ್ತಾಳಾ? ಕಿತ್ತಾಕು ಅದ."

ಕೀಳಲಿಲ್ಲ. ಅವ್ವ ಒಳಗೆ ಹೋದಮೇಲೆ ಮಾನಸಳಿಗೆ ಎಲ್ಲ ಹೇಳಿದೆ. ಅವಳಿಗೂ ಅಂಗನವಾಡಿ ಕೆಲಸದ ಕಥೆಯನ್ನೇ ಹೇಳಿ ಬೆಳೆಸಿದ್ದರು. ಬೆಲ್ಲದ ಕೋಣೆ, ಇರುವೆ, ಬಾಗಿಲಿನ ಸಂದಿಯಲ್ಲಿ ಕಾಣುತ್ತಿದ್ದ ಓಡಾಡುವ ಕಾಲುಗಳು, ಕೂಗಿದರೆ ಕೇಳಿಸದ ಹಾಗೆ ಜೋರು ಮಾಡುತ್ತಿದ್ದ ಟಿವಿ. ಅವಳು ಮೊಬೈಲು ಕೆಳಗಿಟ್ಟು ಕೇಳಿದಳು. ನಡುನಡುವೆ ನನ್ನ ಮೊಣಕೈ ಸವರಿದಳು.

"ನಾನು ಅಪ್ಪಂಗೆ ಬ್ಯಾಡ ಅಂತೀನಿ ಅತ್ತೆ" ಅಂದಳು ಕೊನೆಗೆ.

ನನಗೆ ಎಷ್ಟು ಸಂತೋಷವಾಯಿತು ಎಂದರೆ ನೂಲು ಸುತ್ತುವುದನ್ನೇ ಮರೆತೆ. ಒಂದು ಕುರುಡುಗಣ್ಣು ಬಿತ್ತು. ಬೀಳಲಿ, ಈ ತೆರೆ ಯಾರಿಗೂ ಬೇಕಾಗುವುದಿಲ್ಲ ಅಂದುಕೊಂಡೆ.

ಅವಳು ಹಾಗೆ ಅಪ್ಪನಿಗೆ ಹೇಳಿದ್ದೂ ನಿಜ. ಅಣ್ಣ ಕೂಗಾಡಲಿಲ್ಲ. ಮನೆಯಲ್ಲಿ ಊಟ ಬಿಟ್ಟ, ಅಷ್ಟೇ. ಬಡಿಸಿದ ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿದ್ದ. ಅವ್ವ ಒಂದು ದಿನ ಮಾನಸಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಮಾತಾಡಿದಳು. ಹೊರಗೆ ಬಂದ ಮಾನಸ ನನ್ನ ಪಕ್ಕ ಕೂತು, ನೂಲಿನ ಉಂಡೆ ಕೈಗೆ ತೆಗೆದುಕೊಂಡು, "ನಂಗೆ ಒಪ್ಗೆ ಐತೆ ಅತ್ತೆ" ಅಂದಳು. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬೆಳೆದ ಹುಡುಗಿ ತಾನೇ ಒಪ್ಪಿದಮೇಲೆ ನನ್ನ ಮಾತಿಗೆ ಯಾವ ನಾಯಿಯೂ ಕಿವಿ ಕೊಡಲಿಲ್ಲ.

ಹೆಣೆದೆ. ಹೆಣೆಯುತ್ತಿದ್ದರೆ ಅವಳು ಮನಸ್ಸು ಬಿಚ್ಚಿ ಹೇಳಿಯಾಳು ಎಂಬ ಆಸೆ. ಅವ್ವ ದಿನಾ ಬಂದು ಸವರುತ್ತಿದ್ದಳು. ಒಂದು ದಿನ ಅವಳ ಬೆರಳು ಎಡಪಟ್ಟಿಯ ಕುರುಡುಗಣ್ಣಿನ ಮೇಲೆ ನಿಂತಿತು. "ಇಲ್ಲೊಂದು ಐತೆ ನೋಡು. ಎದುರ್ಗೂ ಆಕ್ಬುಡು, ಸಮ ಓಯ್ತದೆ" ಅಂದಳು. ಹಲ್ಲು ಕಚ್ಚಿಕೊಂಡು ಬಲಪಟ್ಟಿಗೂ ಹಾಕಿದೆ.

ಚಪ್ಪರದ ದಿನ ಬೆಳಿಗ್ಗೆ ಎರಡೂ ಪಟ್ಟಿ ಮುಗಿದಿದ್ದವು, ಪಂಚೆಗೆ ಸೇರಿಸಿ ಹೊಲಿಯುವುದೊಂದು ಬಾಕಿ. ಮಾನಸ ಕೈಗೆಲ್ಲ ಮೆಹಂದಿ ಹಾಕಿಸಿಕೊಂಡು ಕೂತಿದ್ದಳು. ಅವಳಿಗೆ ನಾನು ತುತ್ತು ಮಾಡಿ ತಿನ್ನಿಸುತ್ತಿದ್ದೆ.

"ಈಗಾದ್ರೂ ಏಳವ್ವ. ಯಾಕೆ ಒಪ್ಕೊಂಡೆ?"

ಅವಳು ತುತ್ತು ನುಂಗಿಕೊಂಡು ನಕ್ಕಳು. "ಅಜ್ಜಿ ಏಳ್ಬ್ಯಾಡ ಅಂದಿತ್ತು. ನಾನು ಆ ಮನೆ ಸೊಸೆ ಆದ್ರೆ ದಾಸಯ್ಯ ಮಾವ ಮಂಟಪುಕ್ಕೆ ಬಂದು ನಿನ್ ಜೊತೇಲಿ ತೆರೆ ಇಡೀತಾರಂತೆ. ನೀನು ಒಂದು ಕಡೆ, ಅವ್ರು ಒಂದು ಕಡೆ. ಊರೋರೆಲ್ಲ ನೋಡ್ತಾರೆ. ಆಮೇಕೆ ನಿನ್ನ ಯಾರೂ ಬುಟ್ಟೋಳು ಅನ್ನಂಗಿಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

"ನನ್ನ ಸಾಕಕ್ಕೆ ಅಂತ ನಿನ್ ಬಾಳೆಲ್ಲ ಕಳ್ದೆ ನೀನು" ಅಂದಳು. "ಅಷ್ಟ್ ಮಾಡ್ಬ್ಯಾಡ್ವಾ ನಾನು? ನಂಗೇನೂ ಆಗಲ್ಲ ಬುಡತ್ತೆ. ಓದಿವ್ನಿ, ಕೆಲ್ಸ ಐತೆ. ನನ್ನ ಯಾರು ಕೂಡಾಕ್ತಾರೆ."

ಬೇಡವೇ ಬೇಡ ಅಂದೆ. ನನಗೆ ಆ ಗಂಡಸು ಬೇಡ, ಆ ಮರ್ಯಾದೆ ಬೇಡ, ನೀನು ಹೋಗಬೇಡ ಎಂದು ಅವಳ ಕಾಲು ಹಿಡಿಯುವಷ್ಟು ಬೇಡಿಕೊಂಡೆ. ಅವಳು ಮೆಹಂದಿ ಕೈಯನ್ನು ದೂರ ಹಿಡಿದುಕೊಂಡು, "ಈಗ ಬ್ಯಾಡ ಅಂದ್ರೆ ಅಪ್ಪ ತಲೆ ಎತ್ಕೊಂಡು ಓಡಾಡಂಗಿಲ್ಲ ಅತ್ತೆ" ಅಂದಳು. ನನ್ನ ಹೆಸರು ಹೇಳಿ, ನನ್ನನ್ನು ಕೇಳದೆ, ನಾನು ಸಾಕಿದ ಮಗುವನ್ನು ಆ ಮನೆಗೆ ಒಪ್ಪಿಸಿದ್ದರು. ಅವ್ವನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಪಟ್ಟಿಗಳನ್ನು ಎತ್ತಿಕೊಂಡು ಹೊರಗೆ ಹೋದೆ. ಚಪ್ಪರದ ಕೆಳಗೆ ನೆಂಟರೆಲ್ಲ ಸೇರಿದ್ದರು. ಅವ್ವ ನಡುವೆ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮುಂದೆ ನಿಂತು ಎರಡರ ಕೊನೆಯ ಗಂಟನ್ನೂ ಹಲ್ಲಿನಿಂದ ಕಿತ್ತು ಎಳೆದೆ. ತಿಂಗಳುಗಟ್ಟಲೆ ಹೆಣೆದದ್ದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ನಿಲ್ಲಲಿಲ್ಲ. ಕೆಂಪು ದಾರದ ಹತ್ತಿರ ಬಂದು ಹಿಡಿದುಕೊಂಡಿತು. ಅದನ್ನೂ ಎಳೆದು ಬಿಸಾಡಿದೆ. ಕಾಲ ಕೆಳಗೆ ಸೊಟ್ಟಸೊಟ್ಟ ನೂಲಿನ ರಾಶಿ ಬಿತ್ತು.

"ಬಿಚ್ಚುದ್ರೆ ಮದ್ವೆ ಬಾಳಲ್ಲ ಅಂತಿದ್ಯಲ್ಲವ್ವ" ಅಂದೆ. "ಬಿಚ್ಚಿವ್ನಿ. ಈಗ ಎಂಗೆ ಮಾಡ್ತೀಯ ಮದ್ವೆಯ?"

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಣ್ಣ ಎದ್ದು ನಿಂತ. ಅವ್ವ ಮಾತ್ರ ಅಲುಗಾಡಲಿಲ್ಲ. ಬಾಗಿ ನೂಲಿನ ರಾಶಿಯನ್ನು ಒಂದು ಸಲ ಮುಟ್ಟಿ ನೋಡಿದಳು.

"ನನ್ ಟ್ರಂಕಲ್ಲಿ ಮಂಗಳನ್ ಮದ್ವೇದೇ ಒಂದೈತೆ" ಅಂದಳು. "ತಂದು ನೀಲೀಗಾಕ್ರವ್ವ. ನಾಳೀಕೆ ಒಣುಗ್ತದೆ."

ಪಾಂಡವಪುರದ ಕಲ್ಯಾಣ ಮಂಟಪದಲ್ಲಿ ಮಾರನೆಯ ದಿನ ಧಾರೆ. ನನ್ನ ಮದುವೆಯ ತೆರೆ ನೀಲಿ ಕುಡಿದು ಇಸ್ತ್ರಿ ಕಂಡು ಹೊಚ್ಚ ಹೊಸದಾಗಿತ್ತು. ದಾಸಯ್ಯ ಜರಿ ಪಂಚೆ ಉಟ್ಟು ಬಂದು ಬಲತುದಿ ಹಿಡಿದ. ನಾನು ಹೋಗಬಾರದು ಅಂದುಕೊಂಡು ಕಂಬದ ಹಿಂದೆ ನಿಂತಿದ್ದೆ. ಹಸೆಯ ಮೇಲಿದ್ದ ಮಾನಸ ತಲೆ ಎತ್ತಿ ನನ್ನನ್ನು ಹುಡುಕಿದಳು. ಸಿಕ್ಕಿದಾಗ ಅವಳ ಮುಖ ಅರಳಿತು. ಇದಕ್ಕೋಸ್ಕರವೇ ಅವಳು ಬಂದು ಅಲ್ಲಿ ಕೂತದ್ದು. ಈಗ ನಾನು ಹೋಗದಿದ್ದರೆ ಅವಳು ಕೊಟ್ಟದ್ದೆಲ್ಲ ನೀರುಪಾಲು. ಹೋಗಿ ಎಡತುದಿ ಹಿಡಿದೆ.

ಹೆಬ್ಬೆಟ್ಟಿನ ಕೆಳಗೆ ಒಂದು ಕುರುಡುಗಣ್ಣು ಸಿಕ್ಕಿತು. ಎದುರಿಗೆ ನೋಡಿದೆ. ದಾಸಯ್ಯನ ಹೆಬ್ಬೆಟ್ಟಿನ ಕೆಳಗೂ ಒಂದಿತ್ತು.

"ಎಂಗೆ ಒಪ್ತದೆ ನೋಡಿ ಜೋಡಿ" ಅಂದರು ಯಾರೋ ಹೆಂಗಸರು. ಯಾವ ಜೋಡಿ ಎಂದು ನಾನು ತಿರುಗಿ ನೋಡಲಿಲ್ಲ. ತೆರೆಯ ಈಚೆ ಮಾನಸ, ಆಚೆ ನಾಗಾರ್ಜುನ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಬೆಲ್ಲದ ವಾಸನೆಗೆ ಮುಖ ಆಚೆ ತಿರುಗಿಸಿಕೊಂಡೆ. ಪುರೋಹಿತರು ಮಂತ್ರ ಮುಗಿಸಿ ತೆರೆ ಇಳಿಸಿ ಅಂದರು. ದಾಸಯ್ಯ ಇಳಿಸಿದ. ನಾನು ಇಳಿಸಲಿಲ್ಲ.

ಓಲಗ ಜೋರಾಯಿತು. ಅಕ್ಷತೆ ಬಂದು ಮುಖಕ್ಕೆ ಬಿತ್ತು. ಪುರೋಹಿತರು ಇನ್ನೊಂದು ಸಲ ಇಳಿಸಿಯಮ್ಮ ಅಂದರು. ನನ್ನ ತುದಿ ಹಾಗೇ ಮೇಲೆ ನಿಂತಿತ್ತು, ಬಟ್ಟೆ ಸೊಟ್ಟಗೆ ಇಬ್ಬರ ನಡುವೆ ಜೋತಾಡುತ್ತಿತ್ತು. ಆ ಒಂದು ಮೊಳ ಬಟ್ಟೆ ಬಿಟ್ಟರೆ ನನ್ನ ಮಗುವಿಗೂ ಆ ಮನೆಗೂ ನಡುವೆ ಇನ್ನೇನೂ ಉಳಿದಿರಲಿಲ್ಲ. ಅಣ್ಣ ಬಂದ. ವೀಡಿಯೋದವನ ಕಡೆ ನಗುತ್ತಲೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ವೀಡಿಯೋದಲ್ಲಿ ನನ್ನ ಕೈ ಬಂದಿಲ್ಲ, ಮುಖ ಮಾತ್ರ ಬಂದಿದೆ. ಸಂತೋಷಕ್ಕೆ ಅಳುವ ಅತ್ತೆ ಎಂದುಕೊಂಡು ಅದಕ್ಕೊಂದು ಕೊಳಲು ಸೇರಿಸಿದ್ದಾರೆ. ಅವ್ವ ಟಿವಿಯ ಮುಂದೆ ಕೂತು, "ಎರಡು ಕಡೀಕೂ ಸಮ ಕಾಣ್ತದಾ?" ಎಂದು ಕೇಳಿದಳು. "ಊಂ ಕಣವ್ವ" ಅಂದ ಅಣ್ಣ.

ಮಾನಸ ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು. ಆಮೇಲೆ ನಾನು ಮಾಡಿದರೆ ಎತ್ತುತ್ತಿದ್ದಳು. ಇವತ್ತು ಮಧ್ಯಾಹ್ನ ಅಂಗನವಾಡಿ ಮಕ್ಕಳಿಗೆ ಊಟ ಹಾಕಿ ಮನೆಗೆ ಬಂದು ಮಾಡಿದೆ. ತುಂಬ ಹೊತ್ತಿನ ಮೇಲೆ ಎತ್ತಿದಳು.

"ಇಸ್ಕೂಲಲ್ಲಿದ್ದೀಯಾ ಮಗ?"

"ಇಲ್ಲ ಅತ್ತೆ. ವಸಿ ದಿನ ರಜಾ ಆಕಿವ್ನಿ."

"ಯಾಕೆ? ಉಸಾರಿಲ್ವಾ?"

ಅವಳ ದನಿ ಪಕ್ಕದಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ ಇತ್ತು. "ಚೆಂದಾಗಿವ್ನಿ" ಅಂದಳು. ಆಮೇಲೆ ಮೆಲ್ಲಗೆ, "ಇಲ್ಲಿ ತಂಪಾಗಿರ್ತದೆ ಅತ್ತೆ" ಅಂದಳು. ಫೋನು ಕಟ್ಟಾಯಿತು.

ಎದ್ದು ಚಪ್ಪಲಿ ಮೆಟ್ಟಿದೆ. ಸದ್ದು ಕೇಳಿ ಜಗಲಿಯಲ್ಲಿದ್ದ ಅವ್ವ, "ಎಲ್ಗೆ ವೊಂಟೆ ಈ ಬಿಸ್ಲಲ್ಲಿ?" ಅಂದಳು.

"ಹೊಸೊಳಲ್ಗೆ."

ಅವ್ವನಿಗೆ ಮಿಕ್ಕದ್ದು ಹೇಳಬೇಕಾಗಲಿಲ್ಲ. ಕೈ ಚಾಚಿ ನನ್ನ ಸೆರಗು ಹಿಡಿದುಕೊಂಡಳು. "ಊರೋರ್ಗೆ ಏನಂತ ಏಳ್ಲಿ?"

"ಮಗೀನ ವಾಪಸ್ ಕರ್ಕೊಂಡ್ ಬರಾಕೆ ಓದ್ಲು ಅನ್ನು."

ವಾಪಸು ಎಂಬ ಆ ಒಂದು ಮಾತನ್ನು ಅವಳು ನನ್ನ ವಿಷಯದಲ್ಲಿ ಒಂದು ಸಲವೂ ಆಡಲಿಲ್ಲ. ಈ ಸಲವೂ ಆಡುವುದಿಲ್ಲ, ನನಗೆ ಗೊತ್ತು. ಸೆರಗಿನಿಂದ ಅವಳ ಬೆರಳುಗಳನ್ನು ಬಿಡಿಸಿ ಬಸ್‌ಸ್ಟಾಂಡಿನ ಕಡೆ ನಡೆದೆ.